ಪ್ರಥಮ ದರ್ಜೆಯ ವಿಮಾನಯಾನದಲ್ಲಿ ಮೊಟ್ಟೆ, ನೀರುಳ್ಳಿ ಇಲ್ಲದ ಊಟ ಸಿಗುವುದು ಹೇಗೆ?

ಕಲ್ಸಂಕದವ, ಉಡುಪಿ

ನಮಸ್ಕಾರ. ಲಂಡನ್ನಿನಲ್ಲಿರುವ ನನ್ನ ತಂಗಿ ಹಲವು ವರ್ಷಗಳಿಂದ ಕೂಡಿಟ್ಟಿದ್ದ ಮೈಲುಗಳನ್ನೆಲ್ಲ (ಟಿಕೆಟಿಗೆ ಹಣದ ಬದಲು ಬಳಸಬಹುದಾದ ಬಹುಮಾನದ ಅಂಕಗಳು) ಒಟ್ಟಿಗೆ ಬಳಸಿ, ಅಪ್ಪ ಅಮ್ಮನಿಗೆ ಬೆಂಗಳೂರಿನಿಂದ ದುಬೈ ಮೂಲಕ ಲಂಡನ್ನಿಗೆ ಹೋಗಿಬರಲು ಎಮಿರೇಟ್ಸ್‌ನ ಪ್ರಥಮ ದರ್ಜೆಯ ಟಿಕೆಟ್ ಮಾಡಿಸಿದ್ದಾಳೆ. ಅಪ್ಪನಿಗೆ 76 ವರ್ಷ, ಅಮ್ಮನಿಗೆ 71. ಇಬ್ಬರೂ ಇದುವರೆಗೆ ವಿಮಾನ ಹತ್ತಿದ್ದು ಎರಡೇ ಸಲ, ಅದೂ ಬಜ್ಪೆಯಿಂದ ಬೆಂಗಳೂರಿಗೆ. ಆಗ ಕೊಟ್ಟದ್ದು ಒಂದು ಲೋಟ ನೀರು ಮಾತ್ರವಾದ್ದರಿಂದ ಊಟದ ಪ್ರಶ್ನೆಯೇ ಬಂದಿರಲಿಲ್ಲ.

ಅಪ್ಪ ಮೊಟ್ಟೆ ಮುಟ್ಟುವುದಿಲ್ಲ, ಉಳಿದಂತೆ ಹೊರಗಿನ ಸಸ್ಯಾಹಾರ ಅವರಿಗೆ ಒಗ್ಗುತ್ತದೆ. ಅಮ್ಮ ನೀರುಳ್ಳಿ, ಬೆಳ್ಳುಳ್ಳಿ ಎರಡನ್ನೂ ತಿನ್ನುವುದಿಲ್ಲ. ಊಟದ ಆಯ್ಕೆಗೆಂದು ಪಟ್ಟಿ ತೆರೆದರೆ ಅದರಲ್ಲಿ ಸಸ್ಯಾಹಾರಕ್ಕೇ ಐದಾರು ಹೆಸರುಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸವೆಂಬುದು ನನಗೆ ತಿಳಿಯಲಿಲ್ಲ. ವಿಶೇಷ ಊಟವನ್ನು ಮೊದಲೇ ಹೇಳಿಟ್ಟರೆ ಪ್ರಥಮ ದರ್ಜೆಯ ಮೆನು ನಮ್ಮ ಪಾಲಿಗೆ ಮುಚ್ಚಿಹೋಗುತ್ತದೆಯೇ? ದುಬೈಯಲ್ಲಿ ನಾಲ್ಕು ಗಂಟೆ ಲೌಂಜಿನಲ್ಲಿ, ಅಂದರೆ ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ, ಕೂರಬೇಕು. ಅಲ್ಲಿ ಇವರು ಏನನ್ನು ಧೈರ್ಯವಾಗಿ ತಿನ್ನಬಹುದು? ಅಪ್ಪನದಂತೂ ಒಂದೇ ಪ್ರಶ್ನೆ: ಕೊನೆಗೆ ಒಂದು ತುತ್ತು ಮೊಸರನ್ನ ಸಿಗುತ್ತದೋ ಇಲ್ಲವೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳೆಯ ಅಡುಗೆಯವ, ಬ್ರಹ್ಮಾವರ

ಕೊಲ್ಲಿಯ ಒಂದು ಫ್ಲೈಟ್ ಕಿಚನ್‌ನಲ್ಲಿ 19 ವರ್ಷ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ಬಡಿಸುವವರ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮೊದಲು ತಿಳಿಯಬೇಕಾದದ್ದೆಂದರೆ ವಿಮಾನದಲ್ಲಿ ಅಡುಗೆ ಆಗುವುದಿಲ್ಲ. ಎಷ್ಟೇ ದುಬಾರಿ ಆಸನವಾದರೂ ಅಲ್ಲಿಯ ಅಡುಗೆಕೋಣೆಯಲ್ಲಿ ಬೆಂಕಿಯಿಲ್ಲ. ಇರುವುದು ಬಿಸಿ ಮಾಡುವ ಓವನ್, ಕಾಫಿ ಯಂತ್ರ, ಕೆಲವು ಕಡೆ ಬ್ರೆಡ್ ಸುಡುವ ಟೋಸ್ಟರ್, ಅಷ್ಟೇ. ನೆಲದ ಮೇಲಿನ ದೊಡ್ಡ ಅಡುಗೆಮನೆಯಲ್ಲಿ ಬೇಯಿಸಿ, ಬೆಂದ ಕೂಡಲೇ ಯಂತ್ರದೊಳಗಿಟ್ಟು ವೇಗವಾಗಿ ತಣಿಸಿ, ತಣ್ಣಗೇ ಕಾಯ್ದಿಟ್ಟು, ಗಾಡಿಗಳಲ್ಲಿ ತುಂಬಿ ವಿಮಾನಕ್ಕೇರಿಸುತ್ತಾರೆ. ಹಾಗಾಗಿ ನಿಮ್ಮ ತಾಯಿಯವರು ಆಸನದಲ್ಲಿ ಕುಳಿತು "ನೀರುಳ್ಳಿ ಹಾಕಬೇಡಿ" ಎಂದು ಹೇಳುವ ಹೊತ್ತಿಗೆ ಆ ನೀರುಳ್ಳಿ ಬಿದ್ದು ಎಷ್ಟೋ ಗಂಟೆಗಳಾಗಿರುತ್ತವೆ. ಪ್ರಥಮ ದರ್ಜೆಯವರಿಗೂ ಸಾಮಾನ್ಯ ದರ್ಜೆಯವರಿಗೂ ಈ ವಿಷಯದಲ್ಲಿ ಭೇದವಿಲ್ಲ. ಹೊರಡುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಹೇಳಬೇಕೆಂಬ ನಿಯಮ ಬಂದಿರುವುದು ಇದೇ ಕಾರಣಕ್ಕೆ.

ಇನ್ನು ಆ ಹೆಸರುಗಳ ವಿಷಯ. ಪ್ರತಿಯೊಂದಕ್ಕೂ ನಾಲ್ಕು ಅಕ್ಷರದ ಸಂಕೇತವಿದೆ, ಬಹುತೇಕ ವಿಮಾನ ಸಂಸ್ಥೆಗಳು ಅವನ್ನೇ ಬಳಸುತ್ತವೆ. ಎವಿಎಂಎಲ್ ಎಂದರೆ ಏಷ್ಯನ್ ಸಸ್ಯಾಹಾರ, ಅಂದರೆ ನಮ್ಮ ಭಾರತೀಯ ರೀತಿಯ ಅನ್ನ, ದಾಲ್, ಪಲ್ಯ, ಪನೀರ್, ಮೊಸರು. ಮೊಟ್ಟೆ ಇರುವುದಿಲ್ಲ, ನೀರುಳ್ಳಿ ಧಾರಾಳವಾಗಿರುತ್ತದೆ. ವಿಜೆಎಂಎಲ್ ಎಂದರೆ ಜೈನ ಊಟ: ಮೊಟ್ಟೆಯಿಲ್ಲ, ನೀರುಳ್ಳಿ ಬೆಳ್ಳುಳ್ಳಿಯಿಲ್ಲ, ಜೊತೆಗೆ ಬಟಾಟೆ, ಕ್ಯಾರೆಟ್‌ನಂತಹ ಗಡ್ಡೆಗಳೂ ಇಲ್ಲ. ವಿಜಿಎಂಎಲ್ ಎಂದರೆ ವೀಗನ್, ಹಾಲು ಮೊಸರು ತುಪ್ಪ ಯಾವುದೂ ಇಲ್ಲ. ಸಸ್ಯಾಹಾರವೆಂದರೆ ಇದೇ ಇರಬೇಕೆಂದುಕೊಂಡು ನಮ್ಮ ಕಡೆಯವರು ಇದನ್ನು ಆರಿಸಿ, ಕೊನೆಗೆ ಮಜ್ಜಿಗೆಯ ಹನಿಯೂ ಇಲ್ಲದೆ ಎದ್ದದ್ದುಂಟು. ವಿಎಲ್‌ಎಂಎಲ್ ಪಾಶ್ಚಾತ್ಯ ರೀತಿಯದು, ಅದರಲ್ಲಿ ಹಾಲೂ ಇರಬಹುದು ಮೊಟ್ಟೆಯೂ ಇರಬಹುದು, ಆದ್ದರಿಂದ ನಿಮ್ಮ ತಂದೆಯವರಿಗೆ ಸಲ್ಲದು. ವಿಒಎಂಎಲ್ ಚೀನೀ ರೀತಿಯ ಸಸ್ಯಾಹಾರ. ಹಸಿ ತರಕಾರಿಯದಕ್ಕೆ ಆರ್‌ವಿಎಂಎಲ್, ಹಣ್ಣಿನ ತಟ್ಟೆಗೆ ಎಫ್‌ಪಿಎಂಎಲ್. ತಂದೆಯವರಿಗೆ ಮೊದಲನೆಯದು, ತಾಯಿಯವರಿಗೆ ಎರಡನೆಯದು ಹಾಕಿಸಿ. ಜೈನ ಊಟದಲ್ಲಿ ಅಮ್ಮನಿಗೆ ಇಷ್ಟದ ಬಟಾಟೆ ಪಲ್ಯ ತಪ್ಪಿಹೋಗುತ್ತದೆ, ನಿಜ, ಆದರೆ ನೀರುಳ್ಳಿಯನ್ನು ಮಾತ್ರ ಬಿಡಿಸುವ ಸಂಕೇತ ಬೇರೆ ಇಲ್ಲ.

ವಿಶೇಷ ಊಟದ ಪ್ರತಿಯೊಂದು ಡಬ್ಬಿಯ ಮೇಲೂ ನಾವು ಒಂದು ಚೀಟಿ ಅಂಟಿಸುತ್ತಿದ್ದೆವು: ವಿಮಾನದ ಸಂಖ್ಯೆ, ಆಸನದ ಸಂಖ್ಯೆ, ಆ ನಾಲ್ಕು ಅಕ್ಷರ. ಆಸನದ ಸಂಖ್ಯೆ ಆ ಚೀಟಿಯ ಜೀವ. ಪಕ್ಕದಲ್ಲಿ ಕೂರಬೇಕೆಂದು ಕೊನೆಗಳಿಗೆಯಲ್ಲಿ ಆಸನ ಬದಲಿಸಿಕೊಂಡ ದಂಪತಿಯ ಊಟ ಇನ್ನಾರದೋ ಮುಂದೆ ಹೋಗಿ ನಿಂತದ್ದನ್ನು ಸಿಬ್ಬಂದಿ ನಮಗೆ ಹೇಳುತ್ತಿದ್ದರು. ಆಸನ ಬದಲಾದರೆ ಹತ್ತಿದ ಕೂಡಲೇ ಸಿಬ್ಬಂದಿಗೆ ತಿಳಿಸಲು ಹೇಳಿ.

ಇನ್ನೊಂದು ಮಾತು. ಬೆಂಗಳೂರಿನಿಂದ ಹೊರಡುವ ಊಟ ಸಾಮಾನ್ಯವಾಗಿ ಬೆಂಗಳೂರಿನ ಅಡುಗೆಮನೆಯದು, ದುಬೈಯಿಂದ ಹೊರಡುವುದು ದುಬೈಯದು, ಲಂಡನ್ನಿನಿಂದ ಮರಳುವಾಗಿನದು ಲಂಡನ್ನಿನದು. ಮೊದಲ ಎರಡರಲ್ಲಿ ನಮ್ಮವರ ಕೈ ಇರುತ್ತದೆ. ಮೂರನೆಯದರಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಇಡ್ಲಿ ಸಿಕ್ಕರೆ ತಿನ್ನಲಿ, ಅದು ಮರುಬಿಸಿಯನ್ನು ತಡೆದುಕೊಳ್ಳುತ್ತದೆ. ದೋಸೆ ಎಂದು ಬರೆದಿದ್ದರೆ ಬೇಡ. ತಣಿಸಿ, ಮುಚ್ಚಿ, ಮತ್ತೆ ಬಿಸಿ ಮಾಡಿದ ದೋಸೆ ಒದ್ದೆ ಬಟ್ಟೆಯಂತಿರುತ್ತದೆ, ಅದನ್ನು ಡಬ್ಬಿಗೆ ತುಂಬಿದ ಕೈಗಳಲ್ಲಿ ನನ್ನದೂ ಒಂದು. ಸಾರು, ದಾಲ್ ಸಪ್ಪೆಯೆನಿಸಿದರೆ ಅಡುಗೆಯವನನ್ನು ಬೈಯುವ ಮೊದಲು ಒಂದು ವಿಷಯ ನೆನಪಿಡಿ: ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಕುದುರೆಮುಖದ ಎತ್ತರ 1,894 ಮೀಟರು, ಅಂದರೆ ಸುಮಾರು 6,200 ಅಡಿ. ಅದರ ನೆತ್ತಿಯ ಮೇಲೆ ಕುಳಿತು ಉಂಡಂತೆ ಎನ್ನಿ. ಕುದುರೆಮುಖದಲ್ಲಾದರೆ ಮಂಜಿನ ತೇವವಾದರೂ ಇದೆ, ಇಲ್ಲಿ ಗಾಳಿ ಒಣಗಿ ಮೂಗು ಕಟ್ಟಿ ಉಪ್ಪು ಸಿಹಿ ಎರಡೂ ನಾಲಿಗೆಗೆ ಮಂದವಾಗುತ್ತವೆ. ಒಂದು ಹೋಳು ನಿಂಬೆ ಕೇಳಿದರೆ ಕೊಡುತ್ತಾರೆ, ಅದರಿಂದ ದಾಲ್ ಎಷ್ಟೋ ಸುಧಾರಿಸುತ್ತದೆ.

ಮಣಿಪಾಲದಿಂದ

ಮೇಲಿನವರು ಬಿಟ್ಟುಹೋದ ಒಂದು ಹೆಸರಿದೆ, ಅದರಿಂದಲೇ ನಮ್ಮ ಮನೆಯಲ್ಲಿ ಅವಾಂತರವಾದದ್ದು. ಪಟ್ಟಿಯಲ್ಲಿ "ಹಿಂದೂ ಊಟ" ಎಂದು ಒಂದಿರುತ್ತದೆ, ಸಂಕೇತ ಎಚ್‌ಎನ್‌ಎಂಎಲ್. ನಮ್ಮ ಮಾವನವರಿಗೆ ಟಿಕೆಟ್ ಮಾಡಿಸಿದಾಗ, ಹಿಂದೂ ಎಂದ ಮೇಲೆ ಸಸ್ಯಾಹಾರವೇ ಇರುತ್ತದೆಂದು ನಂಬಿ ನಾನೇ ಅದನ್ನು ಒತ್ತಿದೆ. ಅದು ಗೋಮಾಂಸವಿಲ್ಲದ ಮಾಂಸಾಹಾರ. ಕೋಳಿ, ಕುರಿ, ಮೀನು, ಮೊಟ್ಟೆ ಏನೂ ಇರಬಹುದು. ಮಾವ ಮುಚ್ಚಳ ತೆರೆದು, ಹಳದಿ ಗ್ರೇವಿಯನ್ನು ಚಮಚದಿಂದ ಸರಿಸಿ ನೋಡಿದರಂತೆ, ಮೂಳೆ ಕಂಡಿತಂತೆ. ಉಳಿದ ಒಂಬತ್ತು ಗಂಟೆ ಬ್ರೆಡ್ಡು ಬೆಣ್ಣೆಯಲ್ಲಿ ಕಳೆದರು. ಮನೆಗೆ ಬಂದ ಮೇಲೂ ಅವರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ವಿಮಾನ ಸಂಸ್ಥೆಯ ತಪ್ಪೇನೂ ಇರಲಿಲ್ಲ, ನಾನು ಕೇಳಿದ್ದನ್ನೇ ಕೊಟ್ಟಿದ್ದರು. ಈ ಹೆಸರಿನ ಬಗ್ಗೆ ಸಾಕಷ್ಟು ಗಲಾಟೆಯೂ ಆಗಿದೆ. 2018ರ ಜುಲೈಯಲ್ಲಿ ಎಮಿರೇಟ್ಸ್ ಹಿಂದೂ ಊಟವನ್ನು ನಿಲ್ಲಿಸುವುದಾಗಿ ಹೇಳಿ, ಪ್ರಯಾಣಿಕರು ಆಕ್ಷೇಪಿಸಿದ ಮೇಲೆ ಆ ನಿರ್ಧಾರವನ್ನು ಕೂಡಲೇ ಹಿಂದೆಗೆದುಕೊಂಡಿತು. ಹೆಸರು ಈಗಲೂ ಗೊಂದಲ ಹುಟ್ಟಿಸುವಂತೆಯೇ ಇದೆ.

ಪ್ರಯಾಣದ ದಿನ ಏಕಾದಶಿಯೇ ಎಂಬುದನ್ನೂ ಪಂಚಾಂಗದಲ್ಲಿ ನೋಡಿಕೊಳ್ಳಿ. ಫಲಾಹಾರ ಮಾಡುವವರಾದರೆ ಹಣ್ಣಿನ ತಟ್ಟೆ ಹಾಕಿಸಬಹುದು, ನಮ್ಮ ಅತ್ತೆಗೆ ಒಮ್ಮೆ ಹಾಗೆ ಮಾಡಿದ್ದೆವು, ಕಲ್ಲಂಗಡಿ, ಕಿವಿ, ದ್ರಾಕ್ಷಿ ಚೆನ್ನಾಗಿಯೇ ಇದ್ದವಂತೆ. ಚಾತುರ್ಮಾಸ್ಯದ ಮೊದಲ ತಿಂಗಳಲ್ಲಿ ಹೋಗುವುದಾದರೆ ಮಾತ್ರ ನನ್ನಲ್ಲಿ ಉಪಾಯವಿಲ್ಲ. ತರಕಾರಿಗಳನ್ನು ಬಿಡುವ ಶಾಕವ್ರತಕ್ಕೆ ನಾಲ್ಕಕ್ಷರದ ಸಂಕೇತವನ್ನು ಯಾವ ವಿಮಾನ ಸಂಸ್ಥೆಯೂ ಇನ್ನೂ ಕಂಡುಹಿಡಿದಿಲ್ಲ.

ಕದ್ರಿಯ ಪಯಣಿಗ, ಮಂಗಳೂರು

ಕೆಲಸದ ನಿಮಿತ್ತ ವರ್ಷಕ್ಕೆ ಹತ್ತಾರು ಸಲ ಹಾರುವ ಸಸ್ಯಾಹಾರಿ ನಾನು. ಬ್ರಹ್ಮಾವರದವರ ಮಾತಿಗೆ ಸ್ವಲ್ಪ ಭಿನ್ನವಾದ ಅಭಿಪ್ರಾಯ ನನ್ನದು. ತಾಯಿಯವರಿಗೆ ಜೈನ ಊಟ ಹೇಳುವುದು ಸರಿ, ಆದರೆ ತಂದೆಯವರಿಗೆ ಏನನ್ನೂ ಹೇಳದೆ ಮೆನುವಿನಿಂದಲೇ ಆರಿಸಲು ಬಿಡಿ. ಪ್ರಥಮ ದರ್ಜೆಯಲ್ಲಿ ಎಮಿರೇಟ್ಸ್‌ನವರು ನಿಗದಿತ ಹೊತ್ತಿಗೆ ಗಾಡಿ ತಳ್ಳಿಕೊಂಡು ಬರುವುದಿಲ್ಲ, ನಾವು ಕೇಳಿದಾಗ ಕೇಳಿದ್ದನ್ನು ಒಂದೊಂದಾಗಿ ಬಡಿಸುತ್ತಾರೆ; ಭಾರತದ ಮಾರ್ಗಗಳಲ್ಲಿ ಮೆನುವಿನಲ್ಲೇ ಒಳ್ಳೆಯ ಸಸ್ಯಾಹಾರವಿರುತ್ತದೆ. ಸಿಂಗಪುರ ಏರ್‌ಲೈನ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ: ಮೇಲಿನ ದರ್ಜೆಯವರು ತಮ್ಮ ಮುಖ್ಯ ಖಾದ್ಯವನ್ನು ಬೇರೆಯೇ ಪಟ್ಟಿಯಿಂದ ಆರಿಸಿ, 24 ಗಂಟೆ ಮೊದಲೇ ಕಾದಿರಿಸಬಹುದು. ಅಂತಹ ಸೌಕರ್ಯವಿರುವಲ್ಲಿ ಸಂಕೇತದ ಡಬ್ಬಿಗೆ ಕಟ್ಟುಬೀಳುವುದೇಕೆ?

ಲೌಂಜಿನ ವಿಷಯಕ್ಕೆ ಬರೋಣ. ಲೌಂಜೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಕ್ರೆಡಿಟ್ ಕಾರ್ಡ್ ಉಜ್ಜಿ, ಎರಡು ರೂಪಾಯಿ ಕಳೆದುಕೊಂಡು ಒಳಹೋಗುವ ಬಫೆ. ದೇಶದೊಳಗೆ ಅದರಲ್ಲಿ ಚಿಂತೆಯಿಲ್ಲ. ಇಡ್ಲಿ, ಉದ್ದಿನ ವಡೆ, ಉಪ್ಪಿಟ್ಟು, ದಾಲ್ ಇದ್ದೇ ಇರುತ್ತವೆ, ಸಸ್ಯಾಹಾರ ಮಾಂಸಾಹಾರಗಳಿಗೆ ಬೇರೆ ಬೇರೆ ಮೇಜು, ಹಸಿರು ಚೀಟಿ. ತೊಂದರೆ ಶುರುವಾಗುವುದು ಚಮಚಗಳಿಂದ. ಒಮ್ಮೆ ಒಂದು ಲೌಂಜಿನಲ್ಲಿ ನನ್ನ ಮುಂದಿದ್ದ ಸಜ್ಜನರೊಬ್ಬರು ಕೋಳಿಯ ಪಾತ್ರೆಯಲ್ಲಿದ್ದ ಇಕ್ಕಳವನ್ನು ಹಿಡಿದುಕೊಂಡೇ ಮುಂದೆ ಸಾಗಿ, ಅದೇ ಇಕ್ಕಳದಿಂದ ಪನೀರ್ ಟಿಕ್ಕಾವನ್ನೂ ಎತ್ತಿಕೊಂಡು, ಇಕ್ಕಳವನ್ನು ಪನೀರಿನ ಮೇಲೆಯೇ ಇಟ್ಟು ಹೋದರು. ಆ ದಿನ ನಾನು ಮೊಸರು, ಬಾಳೆಹಣ್ಣು ತಿಂದು ಎದ್ದೆ. ಬಫೆಯಲ್ಲಿ ಯಾರನ್ನೂ ಏನನ್ನೂ ಕೇಳಲಾಗದು, ಏಕೆಂದರೆ ಅಲ್ಲಿ ನಿಂತಿರುವವರು ಬೇಯಿಸಿದವರಲ್ಲ.

ಪ್ರಥಮ ದರ್ಜೆಯ ಲೌಂಜು ಬೇರೆಯೇ ಲೋಕ. ದುಬೈಯಲ್ಲಿ 2013ರಲ್ಲಿ ತೆರೆದ ಕಾನ್‌ಕೋರ್ಸ್ ಎ ಕಟ್ಟಡದಲ್ಲಿ ಪ್ರಥಮ ದರ್ಜೆಯವರಿಗೆ ಒಂದು ಇಡೀ ಮಹಡಿಯೇ ಇದೆ, ಅಲ್ಲಿಂದ ನೇರವಾಗಿ ಎ380 ವಿಮಾನದ ಮೇಲಂತಸ್ತಿಗೆ ನಡೆದುಹೋಗಬಹುದು. ಮೇಜಿಗೆ ಬಂದು ಕೇಳಿ ಬಡಿಸುವ ಊಟದ ಮನೆ ಅಲ್ಲಿದೆ, ಹಿಂದೆ ನಿಜವಾದ ಅಡುಗೆಮನೆಯೂ ಇದೆ. ಹಾಗಾಗಿ ತಾಯಿಯವರು "ನೀರುಳ್ಳಿ ಬೇಡ" ಎನ್ನಬೇಕಾದ ಜಾಗ ವಿಮಾನವಲ್ಲ, ಲೌಂಜು. ಇಲ್ಲಿ ಹೊಟ್ಟೆ ತುಂಬ ಉಂಡು, ವಿಮಾನದಲ್ಲಿ ಮಲಗುವುದು ನನ್ನ ಪದ್ಧತಿ. ಆರು ಸಾವಿರ ಅಡಿಯ ದಾಲ್‌ಗಿಂತ ನೆಲದ ಮೇಲಿನ ದಾಲ್ ಮೇಲು.

ಒಂದು ಎಚ್ಚರಿಕೆ. ಹೊರದೇಶದ ಮೆನುವಿನಲ್ಲಿ ಮಾಂಸದ ಹೆಸರಿಲ್ಲದ ಮಾತ್ರಕ್ಕೆ ಮಾಂಸವಿಲ್ಲವೆಂದು ತಿಳಿಯಬಾರದು. ತರಕಾರಿ ಸೂಪಿಗೆ ಕೋಳಿಯ ಸಾರು ಹಾಕಿರಬಹುದು. ಥಾಯ್ ಕರಿಯ ಮಸಾಲೆಯಲ್ಲಿ ಹುದುಗಿಸಿದ ಸಿಗಡಿಯ ಪೇಸ್ಟ್, ಮಿಸೊ ಸೂಪಿನಲ್ಲಿ ಒಣಮೀನಿನ ರಸ, ಸೀಸರ್ ಸಲಾಡಿನ ಗೊಜ್ಜಿನಲ್ಲಿ ಆಂಚೋವಿ ಮೀನು ಇರುತ್ತದೆ. ಪಾನಾಕೋಟಾ, ಮೂಸ್ ಮೊದಲಾದ ಸಿಹಿಗಳನ್ನು ಗಟ್ಟಿಯಾಗಿಸುವ ಜೆಲಟಿನ್ ಪ್ರಾಣಿಯ ಚರ್ಮ, ಮೂಳೆಗಳಿಂದ ಬಂದದ್ದು. ಊಟದ ಕೊನೆಗೆ ಬಹು ಗೌರವದಿಂದ ತರುವ ಚೀಸ್ ತಟ್ಟೆಯಲ್ಲಿರುವ ಪಾರ್ಮೆಸಾನ್‌ನ ಅಸಲು ರೂಪವನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಹಾಕಿಯೇ ಮಾಡಬೇಕೆಂದು ಅದರ ನಿಯಮವೇ ಹೇಳುತ್ತದೆ. ನಮ್ಮ ದೇಶದ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಗೆ ನಾವೆಷ್ಟು ಒಗ್ಗಿಹೋಗಿದ್ದೇವೆಂಬುದು ಅದು ಇಲ್ಲದ ಕಡೆ ಹೋದಾಗಲೇ ತಿಳಿಯುವುದು. ತಂದೆಯವರು ಟೊಮೆಟೊ ಜ್ಯೂಸ್ ಕೇಳಿದರೆ ಅದಕ್ಕೆ ವೂಸ್ಟರ್ ಸಾಸ್ ಬೆರೆಸದಂತೆಯೂ ಹೇಳಲಿ, ಅದರಲ್ಲೂ ಮೀನಿದೆ.

ಹಳೆಯ ಅಡುಗೆಯವ, ಬ್ರಹ್ಮಾವರ

ಕದ್ರಿಯವರೇ, ಲೌಂಜಿನ ಬಗ್ಗೆ ನೀವು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಮೆನುವನ್ನೇ ನಂಬಿ ಹೋಗಲು ಹೇಳಿದ್ದನ್ನು ಒಪ್ಪಲಾರೆ. ಎಮಿರೇಟ್ಸ್‌ನ ಎ380ರಲ್ಲಿ ಪ್ರಥಮ ದರ್ಜೆಯ ಆಸನಗಳು 14. ಅವರಿಗೆಲ್ಲ ಪ್ರತಿ ಖಾದ್ಯವನ್ನೂ ಹದಿನಾಲ್ಕು ಹದಿನಾಲ್ಕು ತುಂಬಿಸುವುದಿಲ್ಲ, ಇಷ್ಟು ಜನ ಇದನ್ನು ಕೇಳಬಹುದೆಂಬ ಅಂದಾಜಿನ ಮೇಲೆ ತುಂಬಿಸುವುದು. ನಿಮ್ಮ ಮುಂದಿನ ಸಾಲಿನ ಮಾಂಸಾಹಾರಿಗಳಿಗೆ ಆ ದಿನ ಪನೀರ್ ತಿನ್ನುವ ಮನಸ್ಸಾದರೆ ನಿಮಗೆ ಉಳಿಯುವುದು ಬ್ರೆಡ್ಡು. ಚೀಟಿ ಅಂಟಿದ ಡಬ್ಬಿಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಹೇಳಿಟ್ಟ ಊಟವೂ ಇರಲಿ, ಮೆನುವಿನದೂ ಉಳಿದಿದ್ದರೆ ಕೇಳಲಿ. ಪ್ರಥಮ ದರ್ಜೆಯಲ್ಲಿ ಎರಡನ್ನೂ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ವಿಶೇಷ ಊಟ ಹೇಳಿಟ್ಟರೆ ಮೆನು ಮುಚ್ಚಿಹೋಗುತ್ತದೆಯೇ ಎಂಬ ಕಲ್ಸಂಕದವರ ಪ್ರಶ್ನೆಗೆ ಇದೇ ಉತ್ತರ.

ಪುತ್ತೂರಿನ ಅಕ್ಕ, ಸದ್ಯ ಸುರತ್ಕಲ್

ನೀವೆಲ್ಲ ಎಷ್ಟು ಹೇಳಿದರೂ ಕೈಚೀಲದಲ್ಲಿ ಒಂದು ಬುತ್ತಿ ಇರಲಿ ಎಂಬವಳು ನಾನು. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಹಲಸಿನ ಚಿಪ್ಸ್, ಹೋಳಿಗೆ ಒಯ್ಯಬಹುದು. ಉಪ್ಪಿನಕಾಯಿ, ಗೊಜ್ಜು, ಮೊಸರು ದ್ರವದ ಲೆಕ್ಕಕ್ಕೆ ಬರುವುದರಿಂದ 100 ಮಿಲಿಲೀಟರಿನ ನಿಯಮ ಅವಕ್ಕೂ ಅನ್ವಯಿಸುತ್ತದೆ. ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅದರ ಎಣ್ಣೆ ಹೊತ್ತಿಕೊಳ್ಳುವಂಥದ್ದು. ಎಲ್ಲಕ್ಕಿಂತ ಮುಖ್ಯ, ದುಬೈ ಮೂಲಕ ಹೋಗುವವರು ಗಸಗಸೆಯನ್ನು ಯಾವ ರೂಪದಲ್ಲೂ ಒಯ್ಯಬಾರದು. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕದಲ್ಲಿ ನಿಷಿದ್ಧ. ಮಗಳಿಗೆಂದು ಪಾಯಸದ ಪುಡಿ ಕಟ್ಟಿಕೊಡುವ ಅಮ್ಮಂದಿರು ಇದನ್ನು ಎರಡು ಸಲ ಓದಿ. ಲಂಡನ್ನಿಗೆ ಹಾಲಿನ ಪದಾರ್ಥವನ್ನೂ ಒಳಬಿಡುವುದಿಲ್ಲ, ಪೇಡ ತುಪ್ಪ ಮನೆಯಲ್ಲೇ ಇರಲಿ.

ಕಲ್ಸಂಕದವ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಅಪ್ಪ ಅಮ್ಮ ಲಂಡನ್ ತಲುಪಿ ನಾಲ್ಕು ದಿನಗಳಾದವು, ನಿನ್ನೆ ಫೋನಿನಲ್ಲಿ ಎಲ್ಲವನ್ನೂ ವಿವರವಾಗಿ ಕೇಳಿಕೊಂಡೆ.

ನನ್ನ ಕಡೆಯಿಂದ ಒಂದು ತಪ್ಪಾಗಿತ್ತು. ಅಮ್ಮನ ಜೈನ ಊಟವನ್ನು ಬೆಂಗಳೂರು–ದುಬೈ ಹಾದಿಗೆ ಮಾತ್ರ ಹಾಕಿ, ಅದು ಇಡೀ ಟಿಕೆಟಿಗೆ ಅನ್ವಯಿಸುತ್ತದೆಂದು ತಿಳಿದಿದ್ದೆ. ಹೊರಡುವುದಕ್ಕೆ ಎರಡು ದಿನ ಮೊದಲು ಇಲ್ಲಿಯ ಉತ್ತರಗಳನ್ನು ಮತ್ತೆ ಓದುವಾಗ, ಬೆಂಗಳೂರಿನದು ಒಂದು ಅಡುಗೆಮನೆ ದುಬೈಯದು ಇನ್ನೊಂದು ಎಂಬ ಮಾತಿನ ಮೇಲೆ ಕಣ್ಣುಬಿದ್ದು, ತೆರೆದು ನೋಡಿದರೆ ಎರಡನೆಯ ಹಾದಿಯ ಮುಂದೆ ಏನೂ ಇರಲಿಲ್ಲ. ಕೂಡಲೇ ಹಾಕಿದೆ. ಪ್ರತಿ ಹಾದಿಗೂ ಬೇರೆ ಬೇರೆಯಾಗಿ ಇದೆಯೇ ಎಂದು ಮುಂದೆ ಓದುವವರು ನೋಡಿಕೊಳ್ಳಲಿ.

ದುಬೈಯ ಲೌಂಜಿನಲ್ಲಿ ಬಡಿಸುವ ಹುಡುಗ ಕೇರಳದವನಂತೆ. ಅಮ್ಮ ತನಗೆ ಬರುವ ಹಿಂದಿಯಲ್ಲಿ ಪ್ರಯತ್ನಿಸಿ, ಕೊನೆಗೆ ನಾನು ಬರೆದುಕೊಟ್ಟಿದ್ದ ಇಂಗ್ಲಿಷ್ ಚೀಟಿಯನ್ನು ತೋರಿಸಿದ್ದಾಳೆ; ಮೊಟ್ಟೆ, ಮೀನು, ನೀರುಳ್ಳಿ, ಬೆಳ್ಳುಳ್ಳಿ ಬೇಡವೆಂದು ಅದರಲ್ಲಿತ್ತು. ಅವನು ಚೀಟಿಯನ್ನೇ ಒಳಗೆ ಒಯ್ದು, ಅಡುಗೆಯವರಿಗೆ ತೋರಿಸಿಕೊಂಡು ಬಂದು, ಜೀರಿಗೆ ಒಗ್ಗರಣೆ ಹಾಕಿದ ದಾಲ್, ಅನ್ನ, ಬೆಂಡೆಕಾಯಿ ಪಲ್ಯ ಮಾಡಿಸಿಕೊಟ್ಟನಂತೆ. ಅಮ್ಮನ ದೃಷ್ಟಿಯಲ್ಲಿ ಇಡೀ ಪ್ರಯಾಣದ ಒಳ್ಳೆಯ ಊಟ ಅದೇ. ವಿಮಾನದ ಜೈನ ಊಟ ಶುಚಿಯಾಗಿತ್ತು, ಆದರೆ ಎರಡೂ ಹಾದಿಯಲ್ಲಿ ಪನೀರ್ ಬಂದದ್ದು ಅವಳಿಗೆ ಅಷ್ಟಾಗಿ ಹಿಡಿಸಲಿಲ್ಲ. ಅಪ್ಪ ಕದ್ರಿಯವರ ಮಾತಿಗೂ ಬ್ರಹ್ಮಾವರದವರ ಮಾತಿಗೂ ಸಮನಾಗಿ ಮರ್ಯಾದೆ ಕೊಟ್ಟು, ಹೇಳಿಟ್ಟ ಊಟವನ್ನೂ ಮೆನುವಿನ ಬದನೆಕಾಯಿ ಖಾದ್ಯವನ್ನೂ ತರಿಸಿ, ನಮ್ಮ ಕಡೆಯ ಬದನೆ ಮಟ್ಟುಗುಳ್ಳದ ಮುಂದೆ ಇದು ಏನೂ ಅಲ್ಲವೆಂದು ತೀರ್ಪು ಕೊಟ್ಟಿದ್ದಾರೆ.

ಮೊಸರನ್ನ ಮೆನುವಿನಲ್ಲಿರಲಿಲ್ಲ. ಅಪ್ಪ ಬರಿಯ ಅನ್ನ ಒಂದು ಬಟ್ಟಲು, ಸಿಹಿಯಿಲ್ಲದ ಮೊಸರು ಒಂದು ಬಟ್ಟಲು ಬೇರೆ ಬೇರೆಯಾಗಿ ಕೇಳಿ, ಚಮಚವನ್ನು ಬದಿಗಿಟ್ಟು ಕೈಯಲ್ಲೇ ಕಲಸಿಕೊಂಡು, ಬುತ್ತಿಯಲ್ಲಿದ್ದ ಚಟ್ನಿಪುಡಿ ಉದುರಿಸಿಕೊಂಡು ಉಂಡರಂತೆ. ಗಗನಸಖಿ ಅದು ಏನೆಂದು ಕೇಳಿದ್ದಕ್ಕೆ ಅವಳಿಗೂ ಒಂದು ಚಿಟಿಕೆ ಚಟ್ನಿಪುಡಿ ಕೊಟ್ಟರೆಂದು ಅಮ್ಮ ನಗುತ್ತ ಹೇಳಿದಳು.

ಮರುಪ್ರಯಾಣ ಬರುವ ತಿಂಗಳು, ಲಂಡನ್ನಿನ ಅಡುಗೆಮನೆಯಿಂದ. ಎರಡೂ ಹಾದಿಗೆ ಸಂಕೇತ ಹಾಕಿಯಾಗಿದೆ, ಚೀಟಿ ಅಮ್ಮನ ಪರ್ಸಿನಲ್ಲೇ ಇದೆ. ತಂಗಿ ಬುತ್ತಿಗೆ ಚಪಾತಿ ಮಾಡಿಕೊಡುತ್ತಾಳಂತೆ.